ಎರಡು ಹೆಬ್ಬಾಳ, ಒಂದು ಜಾಹೀರಾತು

ಹೆಬ್ಬಾಳದಲ್ಲಿ ಪಿಜಿ ನಡೆಸೋರೊಬ್ಬರು ಗೂಗಲ್‌ನಲ್ಲಿ ಜಾಹೀರಾತು ಕೊಡ್ತಾರೆ ಅಂದ್ಕೊಳ್ಳೋಣ. ಪ್ರತಿ ಕ್ಲಿಕ್ಕಿಗೂ ದುಡ್ಡು. 'ಹೆಬ್ಬಾಳ ಪಿಜಿ' ಎಂಬ ಕೀವರ್ಡನ್ನು ಹಾಗೇ ಹಾಕಿದರೆ ಅದು ಬ್ರಾಡ್ ಮ್ಯಾಚ್: ಆರ್‌ಟಿ ನಗರದಲ್ಲಿ ರೂಮ್ ಹುಡುಕುವವರಿಗೂ, ಪಿಜಿ ಕೋರ್ಸ್ ಹುಡುಕುವ ನಮ್ಮ ಸೀನಿಯರ್‌ಗಳಿಗೂ ಕಾಣಬಹುದು. ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಫ್ರೇಸ್ ಮ್ಯಾಚ್. ಆ ಅರ್ಥ ಹುಡುಕಾಟದಲ್ಲಿ ಇರಲೇಬೇಕು. ಆದರೆ ಮೈಸೂರಲ್ಲೂ ಒಂದು ಹೆಬ್ಬಾಳ ಇದೆಯಲ್ಲ! 'ಮೈಸೂರು ಹೆಬ್ಬಾಳ ಪಿಜಿ' ಎಂದು ಹುಡುಕಿದವರೂ ಇದರೊಳಗೆ ಬಂದುಬಿಡಬಹುದು. ಚೌಕ ಆವರಣದ ಎಕ್ಸಾಕ್ಟ್ ಮ್ಯಾಚ್ ಇನ್ನೂ ಬಿಗಿ, ಆದರೂ ಹೆಸರಿನಷ್ಟಲ್ಲ: 'ಹೆಬ್ಬಾಳ ಪೇಯಿಂಗ್ ಗೆಸ್ಟ್' ಎಂದವರಿಗೂ ಕಾಣಬಹುದು, ಅರ್ಥ ಒಂದೇ ಅಂತ.

ನಮ್ಮ ಪ್ರಕಾರ ಮೊದಲು 'ಮೈಸೂರು', 'ಕೋರ್ಸ್' ಇವನ್ನು ನೆಗೆಟಿವ್ ಕೀವರ್ಡ್ ಆಗಿ ಸೇರಿಸಬೇಕು. ಇವು ಸಮಾನಾರ್ಥ ಹುಡುಕಲ್ಲ. 'ಕೋರ್ಸ್' ತಡೆದರೂ 'ಪಿಜಿ ಡಿಗ್ರಿ' ಎಂದವರು ಒಳಗೆ ಬರ್ತಾರೆ. 'ಡಿಗ್ರಿ'ಯನ್ನೂ ಬೇರೆಯಾಗಿಯೇ ಸೇರಿಸಬೇಕು.