ಜನವರಿಯಲ್ಲಿ ಯಾರನ್ನು ಕೊಳ್ಳಬೇಕು?

ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ ಚಳಿಗಾಲದ ವರ್ಗಾವಣೆ ಶುರುವಾಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳೂ ಹೆಚ್ಚುತ್ತವೆ. ಬಹುಪಾಲು ಪತ್ರಗಳದ್ದು ಒಂದೇ ಹಟ: ‘ನಮ್ಮ ತಂಡ ಇಂಥವರನ್ನೇ ಕೊಳ್ಳಬೇಕು.’ ಈ ಸಲ ಆಟದ ತಂತ್ರದ ಬಗ್ಗೆಯೂ ಒಳ್ಳೆಯ ಪ್ರಶ್ನೆಗಳು ಬಂದಿವೆ. ಖರೀದಿಗೂ ತಂತ್ರಕ್ಕೂ ಬಿಡಿಸಲಾಗದ ನಂಟಿರುವುದರಿಂದ ಎರಡನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ನಾನು ಆರ್ಸೆನಲ್ ಅಭಿಮಾನಿ. 2025ರ ಜನವರಿಯಲ್ಲಿ ಒಬ್ಬ ಸ್ಟ್ರೈಕರ್ ಸಿಕ್ಕಿದ್ದರೆ ಲೀಗ್ ನಮ್ಮದೇ ಆಗುತ್ತಿತ್ತು. ಈ ಜಿಪುಣತನಕ್ಕೆ ಏನನ್ನಬೇಕು ಸಾರ್?
— ಹಲಸೂರು, ಬೆಂಗಳೂರು

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಜಿಪುಣತನ ಎಂದುಬಿಟ್ಟರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. ಜನವರಿ 12ರಂದು ಎಫ್‌ಎ ಕಪ್ ಪಂದ್ಯದಲ್ಲಿ ಗೇಬ್ರಿಯಲ್ ಜೆಸುಸ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ತಿಂಗಳ ಕೊನೆಗೆ ಆರ್ಸೆನಲ್ ಆಸ್ಟನ್ ವಿಲ್ಲಾದ ಓಲಿ ವಾಟ್ಕಿನ್ಸ್‌ಗೆ ಬೆಲೆ ಕಟ್ಟಿತು. ವಿಲ್ಲಾ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಅವರ ಇನ್ನೊಬ್ಬ ಸ್ಟ್ರೈಕರ್ ಜಾನ್ ದುರಾನ್ ಅದೇ ದಿನಗಳಲ್ಲಿ ಸೌದಿಯ ಅಲ್ ನಸ್ರ್‌ಗೆ ಹೊರಟಿದ್ದರು. ಚಾಂಪಿಯನ್ಸ್ ಲೀಗ್ ಆಡುತ್ತಿದ್ದ ತಂಡ ಒಂದೇ ವಾರದಲ್ಲಿ ಇಬ್ಬರನ್ನೂ ಕಳಿಸಿಕೊಡುವುದಿಲ್ಲ.

ಜನವರಿಯ ದೊಡ್ಡ ತೊಡಕು ಇದೇ. ಮಾರುವವರಿಗೆ ಬದಲಿ ಆಟಗಾರ ಸಿಗುವವರೆಗೆ ವ್ಯವಹಾರ ಕುದುರುವುದಿಲ್ಲ. 2018ರ ಜನವರಿ 31 ನೆನಪಿಸಿಕೊಳ್ಳಿ. ಡಾರ್ಟ್‌ಮುಂಡ್‌ನಿಂದ ಒಬಮೆಯಾಂಗ್ ಆರ್ಸೆನಲ್‌ಗೆ ಬಂದರು, ಆರ್ಸೆನಲ್‌ನ ಜಿರೂ ಚೆಲ್ಸಿಗೆ ಹೋದರು, ಚೆಲ್ಸಿಯ ಬಾಟ್‌ಶುವಾಯಿ ಸಾಲದ ಮೇಲೆ ಡಾರ್ಟ್‌ಮುಂಡ್ ಸೇರಿದರು. ಮೂವರಲ್ಲಿ ಒಬ್ಬರು ‘ಒಲ್ಲೆ’ ಎಂದಿದ್ದರೂ ಮೂರೂ ವ್ಯವಹಾರ ಬೀಳುವ ಸಂಭವವಿತ್ತು.

ಇನ್ನು ಪ್ರಶಸ್ತಿಯ ಮಾತು. ವರ್ಗಾವಣೆ ವಿಂಡೊ ಮುಚ್ಚಿದ ಮೇಲೆ ಕಾಯ್ ಹಾವೆರ್ಟ್ಸ್ ಕೂಡ ಗಾಯಗೊಂಡರು. ಮಿಡ್‌ಫೀಲ್ಡರ್ ಮಿಕೆಲ್ ಮೆರಿನೊ ಮುಂದೆ ನಿಂತು ಆಡಬೇಕಾಯಿತು; ಲೆಸ್ಟರ್ ವಿರುದ್ಧ ಬದಲಿಯಾಗಿ ಇಳಿದು ಎರಡು ಗೋಲು ಹೊಡೆದರು. ಕೊನೆಗೆ ಲಿವರ್‌ಪೂಲ್ 84 ಅಂಕ, ಆರ್ಸೆನಲ್ 74. ಆರ್ಸೆನಲ್ ಡ್ರಾ ಮಾಡಿಕೊಂಡ ಪಂದ್ಯಗಳೇ 14. ಹಾಗಾಗಿ ನಿಮ್ಮ ವಾದಕ್ಕೆ ಜಾಗವಿದೆ. ಆದರೆ ಅವುಗಳಲ್ಲಿ ಆರು ಡ್ರಾಗಳು ಜನವರಿಗೆ ಮೊದಲೇ ಆಗಿದ್ದವು. ಸ್ಟ್ರೈಕರ್ ಬೇಕಿದ್ದದ್ದು ಹಿಂದಿನ ಬೇಸಿಗೆಯಲ್ಲಿ.

ಜನವರಿಯಲ್ಲಿ ಕೊಂಡವರು ಯಾರೂ ಉದ್ಧಾರವಾಗಲ್ಲ ಅಂತ ನಮ್ಮ ಮಾವ ವಾದಿಸ್ತಾರೆ. ಹೌದಾ?
— ಮಂಗಳೂರು

ಮಾವನಿಗೆ 2011ರ ಜನವರಿ 31 ನೆನಪಿರಬೇಕು. ಅಂದು ಚೆಲ್ಸಿ 5 ಕೋಟಿ ಪೌಂಡ್ ಕೊಟ್ಟು ಲಿವರ್‌ಪೂಲ್‌ನಿಂದ ಫರ್ನಾಂಡೊ ಟೊರೆಸ್‌ರನ್ನು ಕೊಂಡಿತು. ಆ ಜಾಗ ತುಂಬಲು ಲಿವರ್‌ಪೂಲ್ 3.5 ಕೋಟಿ ಸುರಿದು ನ್ಯೂಕ್ಯಾಸಲ್‌ನ ಆ್ಯಂಡಿ ಕ್ಯಾರಲ್‌ರನ್ನು ತಂದಿತು. ಟೊರೆಸ್ ಚೆಲ್ಸಿಗಾಗಿ 110 ಲೀಗ್ ಪಂದ್ಯಗಳಲ್ಲಿ ಹೊಡೆದದ್ದು 20 ಗೋಲು. ಕ್ಯಾರಲ್ ಲಿವರ್‌ಪೂಲ್‌ಗೆ ಲೀಗ್‌ನಲ್ಲಿ ಹೊಡೆದದ್ದು ಆರೇ. ಇಷ್ಟು ಹೇಳಿದರೆ ಮಾವ ಗೆದ್ದರು.

ಆದರೆ ಅದೇ ದಿನ ಲಿವರ್‌ಪೂಲ್ ಅಯಾಕ್ಸ್‌ನಿಂದ ಇನ್ನೊಬ್ಬರನ್ನೂ ಕೊಂಡಿತ್ತು. ಲೂಯಿಸ್ ಸುವಾರೆಜ್, 2.28 ಕೋಟಿಗೆ. 2013–14ರಲ್ಲಿ ಅವರು ಲೀಗ್‌ನಲ್ಲಿ 31 ಗೋಲು ಬಾರಿಸಿದರು. 2006ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದ ವಿಡಿಚ್ ಮತ್ತು ಎವ್ರಾ ತಲಾ ಐದು ಲೀಗ್ ಪ್ರಶಸ್ತಿ ಗೆದ್ದರು. ಆ ಎವ್ರಾರ ಮೊದಲ ಪಂದ್ಯದ ಗತಿ ಏನಾಯಿತು ಗೊತ್ತೆ? ಮ್ಯಾಂಚೆಸ್ಟರ್ ಸಿಟಿ ವಿರುದ್ಧ ಅರ್ಧವೇಳೆಗೇ ಹೊರಗೆ ಕರೆಸಿಕೊಂಡರು, ಯುನೈಟೆಡ್ 3–1ರಿಂದ ಸೋತಿತು. ಇಂದಿನ ಅಭಿಮಾನಿಗಳಾಗಿದ್ದರೆ ಅವತ್ತೇ ವಾಪಸ್ ಕಳಿಸಿ ಎನ್ನುತ್ತಿದ್ದರು.

ಗೆದ್ದ ಖರೀದಿಗೂ ಸೋತ ಖರೀದಿಗೂ ಇರುವ ವ್ಯತ್ಯಾಸ ಡಿಫೆಂಡರ್ ವ್ಯಾನ್ ಡೈಕ್ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ. 2017ರ ಬೇಸಿಗೆಯಲ್ಲಿ ಸೌತಾಂಪ್ಟನ್ ಬಿಟ್ಟುಕೊಡಲಿಲ್ಲ. ಲಿವರ್‌ಪೂಲ್ ಎರಡನೇ ಆಯ್ಕೆಯತ್ತ ಕೈ ಚಾಚದೆ ಕಾದು, 2018ರ ಜನವರಿಯಲ್ಲಿ 7.5 ಕೋಟಿ ಪೌಂಡ್‌ಗೆ ಕೊಂಡಿತು. ಕೋಚ್ ಕ್ಲಾಪ್ ಅವರ ತಂಡ ಎದುರಾಳಿಯ ಅಂಗಳದಲ್ಲೇ ಚೆಂಡು ಕಸಿಯಲು ನುಗ್ಗುತ್ತಿತ್ತು. ಹಾಗೆ ನುಗ್ಗಿದಾಗ ಬೆನ್ನ ಹಿಂದೆ ಅರ್ಧ ಮೈದಾನ ಖಾಲಿ. ಆ ಬಯಲನ್ನು ಒಬ್ಬನೇ ಕಾಯಬಲ್ಲ, ಓಟದಲ್ಲಿ ಹಿಂದೆ ಬೀಳದ ಡಿಫೆಂಡರ್ ಬೇಕಿತ್ತು. ಕೆಲಸ ಮೊದಲು ಗೊತ್ತಿತ್ತು, ಆಳನ್ನು ಆಮೇಲೆ ಹುಡುಕಿದರು. 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ ಪ್ರೀಮಿಯರ್ ಲೀಗ್ ಬಂತು. ಇದನ್ನು ಮಾವನಿಗೆ ಓದಿ ಹೇಳಿ.

ಟೀವಿಯಲ್ಲಿ ‘ಇನ್‌ವರ್ಟೆಡ್ ಫುಲ್‌ಬ್ಯಾಕ್’ ಅಂತಾರೆ. ಫುಲ್‌ಬ್ಯಾಕ್ ತನ್ನ ಜಾಗ ಬಿಟ್ಟು ನಡುವಿಗೆ ಯಾಕೆ ಬರ್ತಾನೆ? ರೆಕ್ಕೆ ಖಾಲಿ ಬಿಟ್ಟಂತಾಗಲ್ವಾ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಚೆಂಡು ನಮ್ಮ ಕಾಲಲ್ಲಿರುವಾಗ ಮಾತ್ರ ಅವನು ಒಳಗೆ ಬರುತ್ತಾನೆ ಎಂಬುದನ್ನು ಗಮನಿಸಿ. ಲಾಭ ಎರಡು. ಒಂದು, ನಡುವಿನಲ್ಲಿ ನಮ್ಮವರ ಸಂಖ್ಯೆ ಒಂದು ಹೆಚ್ಚಾಗುತ್ತದೆ. ಎದುರಾಳಿ ಇಬ್ಬರನ್ನು ನಿಲ್ಲಿಸಿದರೆ ನಾವು ಮೂವರಾಗಿ ಪಾಸ್‌ಗೆ ದಾರಿ ಮಾಡಿಕೊಳ್ಳುತ್ತೇವೆ. ಎರಡು, ಚೆಂಡು ಕಳೆದುಕೊಂಡ ಕ್ಷಣ ಪ್ರತಿದಾಳಿಗೆ ಅತಿ ಹತ್ತಿರದ ದಾರಿಯಾದ ನಡುಮೈದಾನದಲ್ಲೇ ನಮ್ಮವನು ಅಡ್ಡ ನಿಂತಿರುತ್ತಾನೆ.

ಕೋಚ್ ಗ್ವಾರ್ಡಿಯೋಲ ಇದನ್ನು ಬಯರ್ನ್ ಮ್ಯೂನಿಕ್‌ನಲ್ಲಿ ಫಿಲಿಪ್ ಲಾಮ್, ಡೇವಿಡ್ ಅಲಾಬಾ ಅವರಿಂದ ಮಾಡಿಸಿದರು. 2022–23ರಲ್ಲಿ ಅವರೇ ಕೋಚ್ ಆಗಿದ್ದ ಸಿಟಿಯಲ್ಲಿ ಜಾನ್ ಸ್ಟೋನ್ಸ್ ಡಿಫೆನ್ಸ್ ಸಾಲಿನಿಂದಲೇ ಎದ್ದು ರಾಡ್ರಿ ಪಕ್ಕಕ್ಕೆ ಹೋಗುತ್ತಿದ್ದರು. ಇಸ್ತಾಂಬುಲ್‌ನಲ್ಲಿ ಇಂಟರ್ ವಿರುದ್ಧ 1–0ಯಿಂದ ಗೆದ್ದ ಚಾಂಪಿಯನ್ಸ್ ಲೀಗ್ ಫೈನಲ್‌ನ ವಿಡಿಯೊ ಹಾಕಿ, ಚೆಂಡನ್ನು ಬಿಟ್ಟು ಸ್ಟೋನ್ಸ್‌ರನ್ನೇ ಹತ್ತು ನಿಮಿಷ ನೋಡಿ. ಪಾಠ ಅಲ್ಲಿದೆ.

ರೆಕ್ಕೆಯ ಬಗ್ಗೆ ನಿಮ್ಮ ಆತಂಕ ಸುಳ್ಳಲ್ಲ. ಅಲ್ಲಿ ಗೆರೆಗೆ ಅಂಟಿಕೊಂಡೇ ನಿಲ್ಲುವ ವಿಂಗರ್ ಇಲ್ಲದಿದ್ದರೆ, ಉಳಿದ ಡಿಫೆಂಡರ್‌ಗಳು ಅಗಲಕ್ಕೆ ಓಡಿ ಕಾಯಲಾರದಿದ್ದರೆ ಈ ತಂತ್ರ ತಿರುಗಿ ಹೊಡೆಯುತ್ತದೆ. ಇನ್ನೊಂದು ಮಾತು: ‘ಎಡ ಫುಲ್‌ಬ್ಯಾಕ್ ಬೇಕಾಗಿದೆ’ ಎಂಬ ಸುದ್ದಿ ಓದಿದಾಗ ಆ ಕ್ಲಬ್ ನಿಜಕ್ಕೂ ಹುಡುಕುತ್ತಿರುವುದು ಮಿಡ್‌ಫೀಲ್ಡರ್‌ನನ್ನೇ ಇರಬಹುದು.

ನಾನು ದೈಹಿಕ ಶಿಕ್ಷಣ ಶಿಕ್ಷಕ. ನಮ್ಮ ಹುಡುಗರು ಟೀವಿ ನೋಡಿ ಗೋಲ್‌ಕೀಪರ್‌ನಿಂದಲೇ ಸಣ್ಣ ಪಾಸ್ ಶುರುಮಾಡುತ್ತಾರೆ, ಗೋಲು ಬಿಟ್ಟುಕೊಡುತ್ತಾರೆ. ನಿಲ್ಲಿಸಲೆ?
— ಧಾರವಾಡ

ಪೂರ್ತಿ ನಿಲ್ಲಿಸಬೇಡಿ ಮೇಷ್ಟ್ರೇ, ಕಾರಣ ಹೇಳಿಕೊಡಿ. 2019ರಲ್ಲಿ ನಿಯಮ ಬದಲಾಯಿತು. ಅಲ್ಲಿಯವರೆಗೆ ಗೋಲ್ ಕಿಕ್ ಪೆನಾಲ್ಟಿ ಚೌಕ ದಾಟಿದ ಮೇಲೆ ಮಾತ್ರ ಇನ್ನೊಬ್ಬರು ಮುಟ್ಟಬಹುದಿತ್ತು. ಈಗ ಸಂಗಡಿಗ ಚೌಕದೊಳಗೇ ಪಾಸ್ ತೆಗೆದುಕೊಳ್ಳಬಹುದು. ಎದುರಾಳಿಯನ್ನು ಆಸೆ ತೋರಿಸಿ ಮುಂದಕ್ಕೆ ಎಳೆಯುವುದು, ಅವನ ಬೆನ್ನ ಹಿಂದೆ ತೆರೆದ ಜಾಗಕ್ಕೆ ಚೆಂಡು ಕಳಿಸುವುದು ಇದರ ಉದ್ದೇಶ. ಕಬಡ್ಡಿಯಲ್ಲಿ ರೈಡರ್‌ನನ್ನು ಬೇಕೆಂದೇ ಒಳಗೆ ಬಿಟ್ಟುಕೊಂಡು ಸರಪಳಿ ಮುಚ್ಚುತ್ತಾರಲ್ಲ, ಹುಡುಗರಿಗೆ ಹಾಗೆ ಹೇಳಿದರೆ ತಕ್ಷಣ ತಿಳಿಯುತ್ತದೆ.

ಎದುರಾಳಿ ಮುಂದೆ ಬರದೇ ಹಿಂದೆಯೇ ನಿಂತಿದ್ದರೆ ಸಣ್ಣ ಪಾಸ್‌ನಿಂದ ಹೆಚ್ಚೇನೂ ಸಿಗದು. ಗುಂಡಿಬಿದ್ದ ಮೈದಾನದಲ್ಲಂತೂ ಅದು ಅಪಾಯ. ಅಂಥ ಕಡೆ ಉದ್ದಕ್ಕೆ ಹೊಡೆಯುವುದರಲ್ಲಿ ನಾಚಿಕೆ ಏನಿಲ್ಲ. ದೊಡ್ಡ ಲೀಗ್‌ನಲ್ಲೇ ಉದ್ದನೆಯ ಥ್ರೋ ಮತ್ತೆ ಬಂದಿದೆ; ಹಿಂದೆ ಸ್ಟೋಕ್‌ನ ರೋರಿ ಡೆಲಾಪ್ ಎಸೆದಾಗ ನಗುತ್ತಿದ್ದವರು ಈಗ ಅದನ್ನೇ ಅಭ್ಯಾಸ ಮಾಡಿಸುತ್ತಾರೆ. ಥ್ರೋ ನೇರವಾಗಿ ಪಡೆದವನಿಗೆ ಆಫ್‌ಸೈಡ್ ಇಲ್ಲ ಎಂಬುದನ್ನೂ ಕಲಿಸಿ. ಕಾರ್ನರ್‌ಗಳ ಮೇಲೂ ಶ್ರಮ ಹಾಕಿ: 2023–24ರ ಲೀಗ್‌ನಲ್ಲಿ ಆರ್ಸೆನಲ್ ಪೆನಾಲ್ಟಿ ಬಿಟ್ಟು ಸೆಟ್‌ಪೀಸ್‌ಗಳಿಂದಲೇ 20 ಗೋಲು ಗಳಿಸಿತು.

ಚೆಲ್ಸಿ ಎಂಟೂವರೆ ವರ್ಷಕ್ಕೆಲ್ಲ ಒಪ್ಪಂದ ಮಾಡಿಕೊಂಡಿತಲ್ಲ, ಅದರ ಲೆಕ್ಕಾಚಾರ ಏನು? ನಾನು ಅಕೌಂಟೆಂಟ್, ಬಿಡಿಸಿ ಹೇಳಿ.
— ದುಬೈ ಕನ್ನಡಿಗ

2023ರ ಜನವರಿಯಲ್ಲಿ ಎಂಜೊ ಫರ್ನಾಂಡೆಜ್‌ಗೆ ಚೆಲ್ಸಿ ಕೊಟ್ಟದ್ದು ಸುಮಾರು 10.68 ಕೋಟಿ ಪೌಂಡ್. ಲೆಕ್ಕಪುಸ್ತಕದಲ್ಲಿ ಆ ಮೊತ್ತವನ್ನು ಒಪ್ಪಂದದ ಅವಧಿಗೆ ಹಂಚುತ್ತಾರೆ. ಎಂಟೂವರೆ ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 1.25 ಕೋಟಿ, ಐದು ವರ್ಷಕ್ಕಾದರೆ 2.1 ಕೋಟಿಗೂ ಮೇಲೆ. ಯುಇಎಫ್‌ಎ ಅದೇ ವರ್ಷ ಹೊಸ ಒಪ್ಪಂದಗಳಲ್ಲಿ ಈ ಹಂಚಿಕೆಗೆ ಐದು ವರ್ಷದ ಮಿತಿ ಹಾಕಿತು, ಡಿಸೆಂಬರ್‌ನಲ್ಲಿ ಪ್ರೀಮಿಯರ್ ಲೀಗ್ ಕೂಡ ಅದನ್ನೇ ಒಪ್ಪಿತು.

ಮೂರು ವರ್ಷದಲ್ಲಿ 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸಬಾರದೆಂಬ ನಿಯಮದಡಿ 2023–24ರಲ್ಲಿ ಎವರ್ಟನ್‌ಗೆ 10 ಅಂಕ ಕಡಿತವಾಯಿತು. ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿದರೂ ಆಮೇಲೆ ಇನ್ನೆರಡು ಹೋಯಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್ ತನ್ನ ಮಿತಿ ಮೀರಿ 4 ಅಂಕ ಕಳೆದುಕೊಂಡಿತು. ಭಯ ಹೇಗೆ ಹಿಡಿಯಿತೆಂದರೆ, 2023ರ ಜನವರಿಯಲ್ಲಿ ಸುಮಾರು 81.5 ಕೋಟಿ ಪೌಂಡ್ ಸುರಿದ ಲೀಗ್ ಮರುವರ್ಷ ಸುಮಾರು 10 ಕೋಟಿಗೆ ನಿಂತಿತು. ನಿಮ್ಮಂಥವರಿಗೆ ಇನ್ನೊಂದು ಸೂಕ್ಷ್ಮ: ಕ್ಲಬ್ ತಾನೇ ಬೆಳೆಸಿದ ಹುಡುಗನ ಖರೀದಿ ಬೆಲೆ ಸೊನ್ನೆ, ಆದ್ದರಿಂದ ಮಾರಿದರೆ ಬಂದ ದುಡ್ಡೆಲ್ಲ ಲಾಭ. ಮೇಸನ್ ಮೌಂಟ್, ಕಾನರ್ ಗ್ಯಾಲಗರ್ ಚೆಲ್ಸಿಯಿಂದ ಹೊರಟದ್ದರ ಹಿಂದೆ ಈ ಲೆಕ್ಕವೂ ಇತ್ತೆಂದು ಬಹಳ ಮಂದಿ ನಂಬುತ್ತಾರೆ.

ವಿಂಡೊ ಮುಚ್ಚುವ ದಿನ ರಾತ್ರಿ ಎಲ್ಲ ನಿದ್ದೆಗೆಡ್ತೀನಿ. ಯಾವ ಸುದ್ದಿ ನಂಬಲಿ?
— ಶಿವಮೊಗ್ಗ

ನೀವು ಮನೆಯಲ್ಲೇ ಕೂತು ನಿದ್ದೆಗೆಡುತ್ತೀರಿ, ವಾಸಿ. 2013ರ ಜನವರಿ 31ರಂದು ವೆಸ್ಟ್ ಬ್ರಾಮ್‌ನ ಪೀಟರ್ ಒಡೆಮ್ವಿಂಗಿ, ಕ್ಲಬ್‌ಗಳ ನಡುವೆ ಒಪ್ಪಂದವೇ ಆಗದಿದ್ದರೂ ಕಾರು ಹತ್ತಿ ಕ್ಯೂಪಿಆರ್ ಅಂಗಳದವರೆಗೆ ಹೋಗಿ ಬರಿಗೈಯಲ್ಲಿ ವಾಪಸಾದರು. ಆಟಗಾರನಿಗೇ ತಿಳಿಯದ್ದು ನಮಗೆ ತಿಳಿದೀತೆ? ಕ್ಲಬ್ ತಾನೇ ಪ್ರಕಟಿಸಿದ್ದನ್ನು ಬೆಳಿಗ್ಗೆ ಎದ್ದು ಓದಿ.

ಹಾಗಾದರೆ ನಮ್ಮ ತಂಡ ಈ ಜನವರಿಯಲ್ಲಿ ಯಾರನ್ನು ಕೊಳ್ಳಬೇಕು? ಒಂದೇ ಮಾತಲ್ಲಿ ಹೇಳಿ.
— ಮೈಸೂರು

ತಂಡ ಯಾವುದೆಂದೇ ನೀವು ಬರೆದಿಲ್ಲ! ಪರವಾಗಿಲ್ಲ. ಕಳೆದ ಹತ್ತು ಪಂದ್ಯಗಳಲ್ಲಿ ಬಿಟ್ಟುಕೊಟ್ಟ ಗೋಲುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ: ಕಾರ್ನರ್‌ನಿಂದಲೋ, ಪ್ರತಿದಾಳಿಯಿಂದಲೋ, ರೆಕ್ಕೆಯಿಂದಲೋ. ಒಂದೇ ಕಾರಣ ನಾಲ್ಕೈದು ಸಲ ಬಂದರೆ ಆ ಕೆಲಸಕ್ಕೆ ಒಬ್ಬರು ಬೇಕು. ಕಾರಣಗಳು ಚೆಲ್ಲಾಪಿಲ್ಲಿಯಾಗಿದ್ದರೆ ಆಟಗಾರನನ್ನು ಕೊಳ್ಳುವುದರಿಂದ ಪ್ರಯೋಜನ ಕಡಿಮೆ. ಕೋಚ್‌ಗೆ ಕೆಲಸ ಬಾಕಿ ಇದೆ.