ಶೆಡ್ಡಿಗೆ ಇಲಿ ಬಂದಿದೆ, ನಿದ್ದೆ ಹೋಗಿದೆ

ಪ್ರಶ್ನೆ: ನನಗೆ 56 ವರ್ಷ. ಮನೆಗೆ ಅಂಟಿಕೊಂಡಂತೆ ಕಾರ್ ಶೆಡ್ ಇದೆ. ಮಳೆ ಶುರುವಾದಾಗಿನಿಂದ ಅಲ್ಲಿ ಇಲಿ ಕಾಟ. ಕಾರಿನ ವೈರನ್ನು ಎರಡು ಸಲ ಕಡಿದು ಹಾಕಿವೆ. ಹಳೇ ಸಾಮಾನನ್ನೆಲ್ಲ ಅಲ್ಲಿ ತುಂಬಿದ್ದು ನಾನೇ ಅಂತ ಯಜಮಾನರು ದಿನಾ ರೇಗುತ್ತಾರೆ. ಮೊನ್ನೆ ವಿಷದ ಕೇಕು ತಂದು ಇಟ್ಟಿದ್ದಾರೆ. ಗಣಪತಿ ಹಬ್ಬ ಹತ್ತಿರ ಬರುವಾಗ ಇಲಿ ಕೊಂದರೆ ಪಾಪ ಅಂತ ಅತ್ತೆ ಊಟ ಬಿಟ್ಟು ಕೂರುತ್ತಾರೆ. ರಾತ್ರಿ ಸಣ್ಣ ಸದ್ದಾದರೂ ಎದ್ದು ಟಾರ್ಚ್ ಹಿಡಿದು ಹೋಗುತ್ತೇನೆ, ಎದೆ ಹೊಡೆದುಕೊಳ್ಳುತ್ತದೆ. ಮಗಳು ಎರಡು ವರ್ಷದ ಮೊಮ್ಮಗನನ್ನು ಕರೆದುಕೊಂಡು ಹಬ್ಬಕ್ಕೆ ಬರುವವಳಿದ್ದಾಳೆ. ಬಾ ಎನ್ನಲು ಭಯ, ಬೇಡ ಎನ್ನಲು ಬಾಯಿ ಬರುತ್ತಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಹೀಗೆಲ್ಲ ಆಗುತ್ತದೆಯೇ?
– ಹೆಸರು ಬೇಡ, ಮೈಸೂರು

ಉತ್ತರ: ಆಗುತ್ತದೆ. ಕತ್ತಲಲ್ಲಿ ಕಣ್ಣಿಗೆ ಬೀಳದ ಪ್ರಾಣಿ ಓಡಾಡುವ ಸದ್ದಿಗೆ ಎದೆ ಹೊಡೆದುಕೊಳ್ಳುವುದು ಯಾರಿಗಾದರೂ ಸಹಜ. ಅದರ ಮೇಲೆ ಒಂದು ಕಡೆ ಯಜಮಾನರ ಸಿಟ್ಟು, ಇನ್ನೊಂದು ಕಡೆ ಅತ್ತೆಯವರ ಉಪವಾಸ. ನಡುರಾತ್ರಿ ಟಾರ್ಚ್ ಹಿಡಿದು ಹೋಗುವವರು ಮಾತ್ರ ನೀವೊಬ್ಬರೇ. ಸುಸ್ತಾಗದೆ ಇರುತ್ತದೆಯೇ?

ನಿಮ್ಮ ಪತ್ರವನ್ನು ಎರಡನೇ ಸಲ ಓದಿದಾಗ ಭಯದ ಜೊತೆಗೆ ನಾಚಿಕೆಯೂ ಕಾಣಿಸಿತು. ಹೆಸರು ಬೇಡ ಎಂದಿದ್ದೀರಿ. ಮಗಳಿಗೂ ವಿಷಯ ಹೇಳಿದಂತಿಲ್ಲ. ಮನೆಗೆ ಇಲಿ ಬಂದರೆ ಮನೆಯಾಕೆ ಚೊಕ್ಕಟವಾಗಿಲ್ಲ ಎಂದು ಜನ ಅಂದುಕೊಳ್ಳುತ್ತಾರೆ ಎಂಬ ಅಳುಕು ಎಷ್ಟೋ ಹೆಂಗಸರನ್ನು ಹೀಗೆ ಬಾಯಿ ಮುಚ್ಚಿಸುತ್ತದೆ. ಶೆಡ್ಡಿನ ಬಾಗಿಲ ಕೆಳಗೆ ಎರಡು ಬೆರಳು ಸಂದು ಬಿಟ್ಟ ಮೇಸ್ತ್ರಿಯನ್ನು ಯಾರೂ ಏನೂ ಅನ್ನುವುದಿಲ್ಲ ನೋಡಿ!

ಇಲಿಗೆ ಬೇಕಾದದ್ದು ಮೂರೇ: ತಿನ್ನಲು ಏನಾದರೂ, ಕುಡಿಯಲು ನೀರು, ಅಡಗಲು ಜಾಗ. ಮಳೆಗಾಲದಲ್ಲಿ ಚರಂಡಿ ಪಕ್ಕದ, ಖಾಲಿ ಸೈಟಿನ ಬಿಲಗಳಿಗೆ ನೀರು ನುಗ್ಗಿದಾಗ ಅವು ಒಣಜಾಗ ಹುಡುಕಿ ಹೊರಡುತ್ತವೆ. ಆಗತಾನೆ ನಿಲ್ಲಿಸಿದ ಕಾರಿನ ಬಾನೆಟ್ಟಿನೊಳಗೆ ಬೆಚ್ಚಗಿರುತ್ತದೆ. ಇಲಿಯ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುವುದರಿಂದ ಅದು ಏನನ್ನಾದರೂ ಕಡಿಯುತ್ತಿರಲೇಬೇಕು. ವೈರು ಹಲ್ಲಿಗೆ ಹದವಾಗಿ ಸಿಗುತ್ತದೆ. ಇದರಲ್ಲಿ ನಿಮ್ಮ ಗೃಹಿಣಿತನಕ್ಕೆ ಅಂಕ ಕೊಡುವಂಥದ್ದು ಏನೂ ಇಲ್ಲ. ಆದರೂ ಯಜಮಾನರ ಮಾತಿನಲ್ಲಿ ಅರ್ಧ ನಿಜವಿದೆ ಎನ್ನಬೇಕು. ರಟ್ಟಿನ ಡಬ್ಬ, ಹಳೇ ಪೇಪರು, ಹಳೇ ಸೀರೆಯ ಗಂಟು ಇಲಿಗೆ ಬಾಣಂತಿ ಕೋಣೆಯೇ ಸರಿ. ಗರ್ಭ ಕಟ್ಟಿದ ಮೂರು ವಾರಕ್ಕೆ ಅದು ಮರಿ ಹಾಕುತ್ತದೆ. ಯಜಮಾನರು ಸಾಮಾನಿನ ಮಾತನ್ನು ರೇಗದೆ ಹೇಳಬಹುದಿತ್ತು, ಅಷ್ಟೆ.

ವಿಷದ ಬಗ್ಗೆ ಮಾತ್ರ ನಾನು ಮೆತ್ತಗೆ ಹೇಳಲಾರೆ. ಎರಡು ವರ್ಷದ ಮಗು ಬರುವ ಮನೆಯಲ್ಲಿ ಅದು ಬೇಡ. ಅಂಗಡಿಯ ಬಣ್ಣಬಣ್ಣದ ಕೇಕು ಮಗುವಿನ ಕಣ್ಣಿಗೆ ಮಿಠಾಯಿಯಂತೆ ಕಾಣುತ್ತದೆ. ಕೆಲವು ಕೇಕುಗಳು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತವೆ. ಪರಿಣಾಮ ಕಾಣುವುದಕ್ಕೆ ದಿನಗಳೇ ಬೇಕು. ಇಲಿ ಪೇಸ್ಟಿನಲ್ಲಿರುವ ಹಳದಿ ರಂಜಕಕ್ಕೆ ಪ್ರತಿವಿಷವೇ ಇಲ್ಲ. ತಿಂದವರು ಮೊದಲು ಸುಧಾರಿಸಿದಂತೆ ಕಂಡರೂ ಒಂದೆರಡು ದಿನದ ಮೇಲೆ ಲಿವರ್ ಕೈಕೊಡಬಹುದು. ಕಪಾಟಿನಲ್ಲಿ ಅಂಥ ಟ್ಯೂಬ್ ಇದ್ದರೆ ಅದನ್ನೂ ತೆಗೆಸಿ. ಯಾರಾದರೂ ಬಾಯಿಗಿಟ್ಟ ಅನುಮಾನ ಬಂದರೂ ವಾಂತಿ ಮಾಡಿಸುತ್ತ ಕೂರದೆ, ಲಕ್ಷಣಕ್ಕೆ ಕಾಯದೆ, ಪ್ಯಾಕೆಟ್ ಸಮೇತ ಆಸ್ಪತ್ರೆಗೆ ಹೊರಡಬೇಕು. ಆಂಬುಲೆನ್ಸಿಗೆ 108. ಅಂಟಿನ ಹಲಗೆಯೂ ಬೇಡ. ರಾತ್ರಿಯೆಲ್ಲ ಅದಕ್ಕೆ ಅಂಟಿಕೊಂಡ ಇಲಿ ಒದ್ದಾಡುವ ಸದ್ದನ್ನು ನಿಮ್ಮ ಈಗಿನ ಮನಸ್ಸು ತಡೆಯಲಾರದು.

ಅತ್ತೆಯವರ ವಿಷಯಕ್ಕೆ ಬರೋಣ. ಅವರ ನಂಬಿಕೆಯನ್ನು ವಾದದಲ್ಲಿ ಗೆಲ್ಲಲು ಹೋಗಬೇಡಿ, ಗೆಲ್ಲಬೇಕಾದ ಅಗತ್ಯವೂ ಇಲ್ಲ. ಯಜಮಾನರಿಗೆ ಇಲಿ ಹೋದರೆ ಸಾಕು, ಅತ್ತೆಗೆ ಅದು ಸಾಯದಿದ್ದರೆ ಸಾಕು. ಇಬ್ಬರೂ ಒಪ್ಪುವ ದಾರಿ ಸಂದು ಮುಚ್ಚುವುದು. "ಅಮ್ಮಾ, ಗಣಪನ ವಾಹನಕ್ಕೆ ನಮ್ಮ ಶೆಡ್ಡೇ ಆಗಬೇಕೇ, ಹೊರಗೆ ಜಾಗವಿಲ್ಲವೇ" ಎಂದು ನಗುತ್ತ ಕೇಳಿ ನೋಡಿ.

ಒಂದು ಭಾನುವಾರ ಯಜಮಾನರನ್ನೂ ಕರೆದುಕೊಂಡು ಹಗಲು ಬೆಳಕಿನಲ್ಲಿ ಶೆಡ್ಡಿಗೆ ಇಳಿಯಿರಿ. ಒಬ್ಬರೇ ಹೋಗಬೇಡಿ, ಇದು ಇಲಿಗಿಂತಲೂ ನಿಮ್ಮಿಬ್ಬರ ಸಲುವಾಗಿ ಹೇಳುತ್ತಿರುವ ಮಾತು. ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಿದರೆ ದೂಳಾಗಿ ಉಸಿರಿಗೆ ಹೋಗುತ್ತದೆ. ಕೈಗವಸು ಹಾಕಿಕೊಂಡು, ಬ್ಲೀಚಿಂಗ್ ಪೌಡರ್ ಕಲಸಿದ ನೀರು ಚಿಮುಕಿಸಿ, ಐದು ನಿಮಿಷ ನೆನೆಯಲು ಬಿಟ್ಟು ಒರೆಸಿ. ಅಕ್ಕಿ, ನಾಯಿ ಬಿಸ್ಕತ್ತು, ಕೊಬ್ಬರಿ ಏನಿದ್ದರೂ ಮುಚ್ಚಳ ಭದ್ರವಾಗಿರುವ ಟಿನ್ನಿಗೆ ಹೋಗಲಿ. ರಟ್ಟು, ಪೇಪರು ಗುಜರಿಗೆ.

ಆಮೇಲೆ ತೂತು ಹುಡುಕಿ. ಇಲಿಗೆ ಹೆಬ್ಬೆರಳು ತೂರುವಷ್ಟು ಜಾಗ ಧಾರಾಳವಾಯಿತು, ಸುಂಡಿಲಿಗೆ ಪೆನ್ಸಿಲ್ ದಪ್ಪದ ಸಂದೇ ಸಾಕು. ಯಾವ ತೂತು ಬಳಕೆಯಲ್ಲಿದೆ ಎಂದು ತಿಳಿಯಲು ಸಂಜೆ ಅದರ ಬಾಯಿಗೆ ಪೇಪರ್ ಉಂಡೆ ತುರುಕಿಡಿ. ಬೆಳಿಗ್ಗೆ ಅದು ಹೊರಗೆ ಬಿದ್ದಿದ್ದರೆ ಅದೇ ಬಾಗಿಲು. ಅಡುಗೆಮನೆ ಕಡೆಯ ತೂತುಗಳನ್ನು ಮೊದಲು ಕಬ್ಬಿಣದ ಜಾಲರಿ ಇಟ್ಟು ಸಿಮೆಂಟಿನಿಂದ ಮುಚ್ಚಿಸಿ. ಬಟ್ಟೆ, ಥರ್ಮೋಕೋಲ್ ಎರಡು ರಾತ್ರಿಯೂ ನಿಲ್ಲವು. ಬಾಗಿಲಿನ ಕೆಳಗೆ ತಗಡಿನ ಪಟ್ಟಿ ಹೊಡೆಸಿ. ಕಾರನ್ನು ಸ್ವಲ್ಪ ದಿನ ಹೊರಗೇ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಎತ್ತಿ ನೋಡುವ ಕೆಲಸ ಯಜಮಾನರದ್ದಾಗಲಿ.

ಒಳಗೆ ಉಳಿದವಕ್ಕೆ ಹಳೇ ಕಾಲದ ಬೋನೇ ಸಾಕು. ಗೋಡೆಯ ಅಂಚಿಗೆ ಒತ್ತಿ ಇಡಿ, ಇಲಿ ಓಡಾಡುವುದು ಅಲ್ಲೇ. ಹೊಸ ವಸ್ತು ಕಂಡರೆ ಅದಕ್ಕೆ ಅನುಮಾನ ಜಾಸ್ತಿ. ಆದ್ದರಿಂದ ಮೂರ್ನಾಲ್ಕು ದಿನ ಕೊಂಡಿ ಸಿಕ್ಕಿಸದೆ ಬರೀ ತಿಂಡಿ ಇಟ್ಟು ನಂಬಿಕೆ ಬರಿಸಬೇಕು. ಒಲೆಯ ಉರಿಗೆ ಹಿಡಿದು ಅಂಚು ಕಪ್ಪಾಗುವಂತೆ ಸುಟ್ಟ ಕೊಬ್ಬರಿ ಚೂರಿನ ವಾಸನೆಗೆ ಬಾರದ ಇಲಿ ಕಡಿಮೆ. ಸಿಕ್ಕಿದ್ದನ್ನು ಏನು ಮಾಡುವುದೆಂದು ಮನೆಯವರೆಲ್ಲ ಕೂತು ಮೊದಲೇ ಮಾತಾಡಿಕೊಳ್ಳಿ. ಮುಂದಿನ ಬೀದಿಯಲ್ಲಿ ಬಿಟ್ಟು ಬರುವುದು ಮಾತ್ರ ಬೇಡ; ಅಲ್ಲಿಯೂ ನಿಮ್ಮಂಥವರೇ ಒಬ್ಬರು ನಿದ್ದೆಗೆಟ್ಟಾರು.

ರಾತ್ರಿಯ ಟಾರ್ಚ್ ಪಹರೆ ನಿಲ್ಲಲಿ. ಎದ್ದು ಹೋಗಿ ನೋಡಿದಾಗ ಒಂದು ಗಳಿಗೆ ಸಮಾಧಾನವಾಗುತ್ತದೆ, ಮರುದಿನ ಇನ್ನೂ ಸಣ್ಣ ಸದ್ದಿಗೆ ಎಚ್ಚರವಾಗುತ್ತದೆ. ಮಲಗುವ ಮುನ್ನ ಬಾಗಿಲನ್ನು ಒಮ್ಮೆ ನೋಡಿ ಬನ್ನಿ. ಆಮೇಲೆ ಸದ್ದು ಕೇಳಿದರೆ ಎದ್ದು ಹೋಗುವ ಸರದಿ ಯಜಮಾನರದ್ದು. ಇಲಿ ಹೋದ ಮೇಲೂ ಎರಡು ವಾರ ನಿದ್ದೆ ಬರದಿದ್ದರೆ, ಪದೇ ಪದೇ ಕೈ ತೊಳೆಯಬೇಕು ಎನಿಸಿದರೆ, ಶೆಡ್ಡಿಗೆ ಕಾಲಿಡಲೇ ಆಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇಂಥ ಭಯಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಶೆಡ್ ತೊಳೆದ ಮೇಲೆ ಯಾರಿಗಾದರೂ ಜ್ವರ, ಮೀನಖಂಡದಲ್ಲಿ ಜೋರು ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ಇಲಿಯ ವಿಷಯ ಮುಚ್ಚಿಡಬೇಡಿ. ಅದು ಇಲಿ ಜ್ವರವಾಗಿದ್ದರೂ ಬೇಗ ಗೊತ್ತಾದರೆ ಮಾತ್ರೆಯಲ್ಲೇ ವಾಸಿಯಾಗುತ್ತದೆ.

ಮಗಳಿಗೆ ಇವತ್ತೇ ಫೋನ್ ಮಾಡಿ, ಇದ್ದದ್ದು ಇದ್ದಂತೆ ಹೇಳಿ ಹಬ್ಬಕ್ಕೆ ಕರೆಯಿರಿ. ಅವಳು ಬರುವುದಕ್ಕೆ ಮುಂಚೆ, ಎಷ್ಟು ಕೇಕು ಇಟ್ಟಿದ್ದರು ಎಂದು ಯಜಮಾನರನ್ನು ಕೇಳಿ, ಅಷ್ಟನ್ನೂ ಎಣಿಸಿ ತೆಗೆಸಿ. ಒಂದು ಕಡಿಮೆ ಬಂದರೂ ಇಲಿ ಎಳೆದುಕೊಂಡು ಹೋಗಿ ಎಲ್ಲೋ ಮೂಲೆಯಲ್ಲಿ ಬಿಟ್ಟಿರಬಹುದು, ಅದು ಸಿಗುವವರೆಗೂ ಮಗುವನ್ನು ಶೆಡ್ಡಿನ ಕಡೆ ಬಿಡಬೇಡಿ.