ಗೇಮಿಂಗ್ ಹೆಡ್‌ಸೆಟ್ ಹಾಕ್ಕೊಂಡು ವಿಮಾನ ಹಾರಿಸಬಹುದಾ?

ನಮ್ಮ ಜಾಲಹಳ್ಳಿಗೂ ರೇಡಿಯೋಗೂ ಹಳೇ ನಂಟು. 1954ರಲ್ಲಿ ಶುರುವಾದ ಬಿಇಎಲ್ ಇಲ್ಲೇ ಇದೆ, ವಾಯುಪಡೆಯ ನೆಲೆಯೂ ಇದೆ. ಸ್ವಲ್ಪ ದೂರದ ಜಕ್ಕೂರಿನಲ್ಲಿ ಪುಟ್ಟ ವಿಮಾನಗಳ ಏರೋಡ್ರೋಮ್ ಇದೆ. ಅಂಥ ವಿಮಾನ ಹಾರಿಸುವವರ ಹೆಡ್‌ಸೆಟ್ ಬೆಲೆ ಹತ್ತಾರು ಸಾವಿರ ರೂಪಾಯಿ. ನಮ್ಮ ಗೇಮಿಂಗ್ ಹೆಡ್‌ಸೆಟ್ ಎರಡು ಸಾವಿರಕ್ಕೆ ಸಿಗುತ್ತೆ. ಎರಡರಲ್ಲೂ ಇರೋದು ಎರಡು ಸ್ಪೀಕರ್, ಒಂದು ಮೈಕ್. ಹಾಗಾದ್ರೆ ಎಸ್.ಪಿ. ರೋಡಿನಲ್ಲಿ ಪ್ಲಗ್ ತಂದು ಬೆಸುಗೆ ಹಾಕಿದರೆ ಸಾಕಲ್ವಾ? ಸಾಲದು. ಯಾಕೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಪ್ಲಗ್. ನಮ್ಮ ಹೆಡ್‌ಸೆಟ್‌ಗೆ 3.5 ಮಿ.ಮೀ. ಪಿನ್ ಒಂದೇ. ಪುಟ್ಟ ವಿಮಾನದಲ್ಲಿ ಸಾಮಾನ್ಯವಾಗಿ ಎರಡು ಜ್ಯಾಕ್: ಕೇಳೋಕೆ 6.35 ಮಿ.ಮೀ., ಮಾತಾಡೋಕೆ ಸುಮಾರು 5.2 ಮಿ.ಮೀ. ಅಳತೆಯದ್ದು. ಅದಲು ಬದಲಾಗಬಾರದು ಅಂತಲೇ ಅಳತೆ ಬೇರೆ ಇಟ್ಟಿದ್ದಾರೆ.

ಎರಡನೆಯದು ಇಂಪೀಡೆನ್ಸ್. ವಿಮಾನದ ಇಯರ್‌ಫೋನ್ ಸಾಮಾನ್ಯವಾಗಿ 150ರಿಂದ 600 ಓಮ್. ನಮ್ಮದು ಒಂದು ಕಿವಿಗೆ 32 ಓಮ್. ಎರಡನ್ನೂ ಪ್ಯಾರಲಲ್ ಜೋಡಿಸಿದರೆ 16. ಇಂಟರ್‌ಕಾಮ್ 3 ವೋಲ್ಟ್ ಕೊಡುತ್ತೆ ಅಂದ್ಕೊಳ್ಳಿ. 300 ಓಮ್‌ಗೆ ಹರಿಯೋ ಕರೆಂಟ್ 10 ಮಿಲಿಆಂಪ್, 16 ಓಮ್‌ಗೆ ಸುಮಾರು 188. ಆಂಪ್ಲಿಫೈಯರ್ ಅಷ್ಟು ಕೊಡಲಾರದೆ ಧ್ವನಿ ಒಡೆಯುತ್ತೆ. ಸೀರೀಸ್‌ನಲ್ಲಿ 150 ಓಮ್ ರೆಸಿಸ್ಟರ್ ಹಾಕಿದರೆ ಕರೆಂಟ್ 18 ಮಿಲಿಆಂಪ್‌ಗೆ ಇಳಿಯುತ್ತೆ. ಇದು ಸುಲಭದ ಭಾಗ.

ಮೂರನೆಯದು ಮೈಕ್. ಹಳೇ ಕಾಲದಲ್ಲಿ ಟೆಲಿಫೋನಿನ ಹಾಗೆ ವಿಮಾನದಲ್ಲೂ ಕಾರ್ಬನ್ ಮೈಕ್ ಇತ್ತು. ಅದಕ್ಕೆ ರೇಡಿಯೋದಿಂದಲೇ 8ರಿಂದ 16 ವೋಲ್ಟ್ ಡಿಸಿ ಹೋಗ್ತಿತ್ತು, ವಾಪಸ್ ನೂರಾರು ಮಿಲಿವೋಲ್ಟ್ ಸಿಗ್ನಲ್ ಬರ್ತಿತ್ತು. ಕಾರ್ಬನ್ ಹೋದರೂ ಆ ಪದ್ಧತಿ ಉಳಿದಿದೆ. ಈಗಿನ ವಿಮಾನದ ಮೈಕ್‌ನಲ್ಲಿ ಇರೋದು ಎಲೆಕ್ಟ್ರೆಟ್, ಜೊತೆಗೊಂದು ಪುಟ್ಟ ಆಂಪ್ಲಿಫೈಯರ್. ನಮ್ಮ ಹೆಡ್‌ಸೆಟ್‌ನ ಎಲೆಕ್ಟ್ರೆಟ್ ಕೊಡೋದು ಕೆಲವೇ ಮಿಲಿವೋಲ್ಟ್, ಅದೂ 2.2 ಕಿಲೋಓಮ್ ಲೋಡ್‌ಗೆ. ವಿಮಾನದಲ್ಲಿ 470 ಓಮ್ ಲೋಡ್ ಸಿಕ್ಕರೆ ಅದರಲ್ಲೂ ಐದನೇ ಒಂದು ಭಾಗ ಮಾತ್ರ ಉಳಿಯುತ್ತೆ. ಹಾಗಾಗಿ ಮಧ್ಯೆ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಬೇಕೇ ಬೇಕು. ನಮ್ಮ ಸೆಕೆಂಡ್ ಇಯರ್ ಅನಲಾಗ್ ಲ್ಯಾಬ್‌ನಲ್ಲೇ ಮಾಡಬಹುದಾದ ಸರ್ಕ್ಯೂಟ್ ಇದು.

ನಾಲ್ಕನೆಯದು ಶಬ್ದ. ಒಂದೇ ಇಂಜಿನ್ನಿನ ಪುಟ್ಟ ವಿಮಾನದೊಳಗೆ ಶಬ್ದ 90 ಡೆಸಿಬೆಲ್ ದಾಟೋದು ಮಾಮೂಲಿ. ದಿನಕ್ಕೆ 8 ಗಂಟೆಗೆ 85 ಡೆಸಿಬೆಲ್ ಮಿತಿ ಅಂತ ಹೇಳ್ತಾರೆ. ಬಿಗಿಯಾದ ಕಪ್ ಇಲ್ಲದ ಹೆಡ್‌ಸೆಟ್‌ನಲ್ಲಿ ವಾಲ್ಯೂಮ್ ಏರಿಸ್ತಾ ಹೋಗ್ತೀವಿ, ಕಿವಿಗೆ ಎರಡು ಕಡೆಯಿಂದಲೂ ಪೆಟ್ಟು. ವಿಮಾನದ ಮೈಕ್‌ಗೆ ಹಿಂದೆ ಮುಂದೆ ಎರಡೂ ಕಡೆ ತೂತು ಇರುತ್ತೆ. ದೂರದ ಇಂಜಿನ್ ಶಬ್ದ ಎರಡೂ ಕಡೆಯಿಂದ ಸಮನಾಗಿ ಬಂದು ಬಹುಪಾಲು ರದ್ದಾಗುತ್ತೆ. ತುಟಿ ಹತ್ತಿರದ ಮಾತು ಮಾತ್ರ ಉಳಿಯುತ್ತೆ. ಅದಕ್ಕೇ ಪೈಲಟ್‌ಗಳು ಮೈಕನ್ನು ತುಟಿಗೆ ತಾಗಿದಂತೆ ಇಟ್ಟುಕೊಳ್ಳೋದು.

ಇಷ್ಟೆಲ್ಲ ತಪ್ಪಿದರೆ ತೊಂದರೆ ನಮಗೊಬ್ಬರಿಗೇ ಅಲ್ಲ. ಮೈಕ್ ಪ್ಲಗ್‌ನ ತುದಿ ಇರೋದು ‘ಪುಶ್ ಟು ಟಾಕ್’ ಸ್ವಿಚ್‌ಗೆ. ಅದು ಗ್ರೌಂಡ್‌ಗೆ ತಾಗಿದ ಕೂಡಲೇ ಟ್ರಾನ್ಸ್‌ಮಿಟರ್ ಆನ್. ನಮ್ಮ ಬೆಸುಗೆಯಲ್ಲಿ ಒಂದು ಎಳೆ ತಂತಿ ಆಚೀಚೆ ಆದರೆ ಟ್ರಾನ್ಸ್‌ಮಿಟರ್ ಆನ್ ಆಗೇ ಉಳಿಯುತ್ತೆ. ಒಂದು ಫ್ರೀಕ್ವೆನ್ಸಿಯಲ್ಲಿ ಒಮ್ಮೆಗೆ ಒಬ್ಬರೇ ಮಾತಾಡಬಹುದು. ಅಂದರೆ ಸುತ್ತಲಿನ ಎಲ್ಲ ವಿಮಾನಗಳಿಗೂ ಟವರ್ ಮಾತು ಕಟ್. ಅದೇ ಹೊತ್ತಿಗೆ ಯಾರಾದರೂ ಇಳಿಯೋಕೆ ಬರ್ತಿದ್ದರೆ? ರೇಡಿಯೋದಲ್ಲಿ 9 ಅನ್ನೋದನ್ನ 5ರ ಜೊತೆ ಗೊಂದಲ ಆಗದಿರಲಿ ಅಂತ ‘ನೈನರ್’ ಅಂತಾರೆ. ಒಂದು ಅಂಕಿಗೇ ಇಷ್ಟು ಕಾಳಜಿ ಇರೋ ಜಾಗ ಅದು.

ಹಾಗಂತ ಮಾಡಲೇಬೇಡಿ ಅಂತಲ್ಲ. ಬ್ರೆಡ್‌ಬೋರ್ಡ್ ಮೇಲೆ ಕಟ್ಟಿ, 12 ವೋಲ್ಟ್ ಸಪ್ಲೈ ಕೊಟ್ಟು, ಆಸಿಲೋಸ್ಕೋಪ್‌ನಲ್ಲಿ ಔಟ್‌ಪುಟ್ ನೋಡಿ. ಸ್ಪೀಕರ್‌ನಲ್ಲಿ ಇಂಜಿನ್ ಶಬ್ದ ಹಾಕಿ ಮಾತಾಡಿ, ಗೆಳೆಯರಿಗೆ ಹತ್ತು ಅಂಕಿ ಓದಿ ಹೇಳಿ, ಎಷ್ಟು ಸರಿಯಾಗಿ ಬರೆದ್ಕೊಂಡರು ಅಂತ ಎಣಿಸಿ. ಒಳ್ಳೇ ಮಿನಿ ಪ್ರಾಜೆಕ್ಟ್ ಆಗುತ್ತೆ. ಆದರೆ ನಿಜವಾದ ಕಾಕ್‌ಪಿಟ್‌ನಲ್ಲಿ ಪೈಲಟ್ ಕಿವಿಗೆ ಅಲ್ಲಿಗೆಂದೇ ಮಾಡಿದ ಹೆಡ್‌ಸೆಟ್ ಇರಲಿ. ಪ್ಲಗ್ ಕೂತ ಮಾತ್ರಕ್ಕೆ ಹೊಂದಿಕೆ ಆಯ್ತು ಅಂತಲ್ಲ.